ಮೂರು ಪಾಲಾದ ಸೀಸೆ

ಗಂಗೂ ಹುಟ್ಟಿದ್ದು ಹಳಿಯಾಳದ ಸೀಮೆಯಲ್ಲಿ. ಬೆಳೆದದ್ದು ಮಾತ್ರ ಕಾಡಿನಲ್ಲಿ ಮರ ಬಿದಿರು ಕಡಿಯುವ ಕೂಪುಗಳಲ್ಲಿ. ಅವಳ ಅಪ್ಪ ದಾಂಡೇಲಿಯ ಕಾಗದದ ಮಿಲ್ಲಿಗೆ ಬಿದಿರು ಕಡಿಯುವ ಗುಂಪಿನವನು. ಗುಂಪು ಎಲ್ಲಿ ಇಳಿಯುತ್ತದೋ ಅಲ್ಲಿ ಅವ್ವ ಮೂರು ಕಲ್ಲು ಹೂಡಿ ಒಲೆ ಮಾಡುವಳು. ಹೀಗಾಗಿ ನಿನ್ನ ಊರು ಯಾವುದು ಎಂದು ಯಾರಾದರೂ ಕೇಳಿದರೆ ಗಂಗೂ ಒಂದು ಗಳಿಗೆ ಸುಮ್ಮನಾಗುತ್ತಿದ್ದಳು. ಹದಿನೇಳಕ್ಕೆ ಸೋಮಾನನ್ನು ಮದುವೆಯಾಗಿ ಕುಂಬಾರವಾಡದಿಂದ ನಾಲ್ಕು ಮೈಲು ಒಳಗಿನ ವಾಡೆಗೆ ಬಂದ ಮೇಲೆ ಆ ತೊಡಕು ತೀರಿತು.

ವಾಡೆಯಲ್ಲಿ ಏಳು ಮನೆ, ಎಲ್ಲವೂ ಸಿದ್ದಿಯರವು. ಎರಡು ಮನೆಯ ಗೋಡೆಗೆ ಶಿಲುಬೆ, ಉಳಿದವುಗಳ ಮೂಲೆಯಲ್ಲಿ ಹಿರಿಯರ ಹೆಸರಿನ ತೆಂಗಿನಕಾಯಿ. ಮನೆಯೊಳಗೆ ಕೊಂಕಣಿ ಬೆರೆತ ಮಾತು, ಕೆಲಸಕ್ಕೆ ಹೋದಲ್ಲಿ ಹಳಿಯಾಳದ ಕನ್ನಡ, ಸಿಟ್ಟು ಬಂದಾಗ ಎರಡೂ. ದೇವರು ಬೇರೆ ಬೇರೆಯಾದರೂ ಪಾಲು ಒಂದೇ ಆಗಿತ್ತು. ಜೇನು ಇಳಿಸಿದರೆ ಏಳು ಪಾಲು. ಬಸುರಿ ಇದ್ದ ಮನೆಗೆ ಒಂದು ಪಾಲು ಹೆಚ್ಚು, ಹೊಟ್ಟೆಯೊಳಗಿನ ಜೀವಕ್ಕೆ. ಹೊಳೆಯ ಮೀನಿಗೂ ಕಾಡಿನ ಗೆಣಸಿಗೂ ಅದೇ ಲೆಕ್ಕ. ಪಾಲು ಹಾಕುವವಳು ಗಂಗೂಳ ಅತ್ತೆ ತುಳಸಾ. ಅವಳು ಅಂಗಳದಲ್ಲಿ ಮುತ್ತುಗದ ಎಲೆ ಹಾಸಿ ಇಡುತ್ತ ಹೋದರೆ, ನನ್ನದು ಕಡಿಮೆಯಾಯಿತು ಎಂದು ಮೂವತ್ತು ವರ್ಷದಲ್ಲಿ ಒಬ್ಬರೂ ಬಾಯಿ ತೆರೆದಿರಲಿಲ್ಲ.

ಒಂದೇ ಒಂದು ಪದಾರ್ಥ ಪಾಲಿಗೆ ಬರುತ್ತಿರಲಿಲ್ಲ. ಬೇನೆಯವರ ಪಥ್ಯ. ಬಾಣಂತಿಯ ಕಷಾಯ, ಜ್ವರದವನ ಗಂಜಿ ಅವರವರದೇ, ಮಕ್ಕಳೂ ಮುಟ್ಟುತ್ತಿರಲಿಲ್ಲ. ಬೇನೆ ಬಿಟ್ಟಿತು ಎಂದ ದಿನದಿಂದ ಉಳಿದದ್ದೆಲ್ಲ ಮನೆಯದು. ಈ ಕಟ್ಟಳೆಯಲ್ಲಿ ತಪ್ಪು ಹುಡುಕುವ ಪ್ರಸಂಗ ವಾಡೆಗೆ ಎಂದೂ ಬಂದಿರಲಿಲ್ಲ. ಅದು ಗಂಗೂಳ ಪಾಲಿಗೆ ಬಂತು.

ಆ ಕಡೆಯ ಹೆಂಗಸರಿಗೆ ಕುತ್ತಿಗೆಯಲ್ಲಿ ಗಡ್ಡೆ ಏಳುವುದು ಹೊಸದಲ್ಲ. ತುಳಸಾಳ ಗಂಟುಗಂಟಾದ ಗಡ್ಡೆಗೆ ಸೋಮಾನಷ್ಟೇ ವಯಸ್ಸು. ಅದು ಅವಳಿಗೆ ಎಂದೂ ಕಾಟ ಕೊಟ್ಟಿರಲಿಲ್ಲ. ಪಕ್ಕದ ಮನೆಯ ಮಾರ್ಗರೀಟಾಳದು ನಿಂಬೆಹಣ್ಣಿನಷ್ಟು, ನುಣ್ಣಗೆ. ಗಂಗೂಳದು ಹಾಗಲ್ಲ. ಎರಡನೆಯ ಮಗುವಿನ ನಂತರ ಎದ್ದದ್ದು ಮೂವತ್ತಾಗುವಷ್ಟರಲ್ಲಿ ಉಸಿರ ಕೊಳವೆಯನ್ನೇ ಒತ್ತತೊಡಗಿತು. ದಿಬ್ಬ ಹತ್ತುವಾಗ ಅವಳ ಗಂಟಲಿಂದ ಸಿಳ್ಳೆಯಂಥ ಸದ್ದು ಬರುತ್ತಿತ್ತು. ಎಂಬತ್ತೊಂದನೆಯ ಇಸವಿಯ ಫೆಬ್ರುವರಿಯಲ್ಲಿ ಹುಬ್ಬಳ್ಳಿಗೆ ಕರೆದೊಯ್ದು ಕೊಯ್ಯಿಸಿದರು. ಗಡ್ಡೆಯ ಜೊತೆ ಇಡೀ ಗ್ರಂಥಿಯನ್ನೇ ತೆಗೆಯಬೇಕಾಯಿತು.

ಅಲ್ಲಿ ರಕ್ತ ಬೇಕೆಂದರು. ಸೋಮಾನದು ಹೊಂದಲಿಲ್ಲ. ಜೊತೆಗೆ ಬಂದಿದ್ದ ಇಬ್ಬರು ಗಂಡಸರು ಸೂಜಿಯನ್ನು ಕಂಡು, ಚಹಾ ಕುಡಿದು ಬರುತ್ತೇವೆ ಎಂದು ಹೋದವರು ಸಂಜೆಯವರೆಗೆ ಪತ್ತೆಯಿಲ್ಲ. ರೊಟ್ಟಿಯ ಗಂಟು ಹೊತ್ತು ಬಂದಿದ್ದ ಮಾರ್ಗರೀಟಾ ಅದನ್ನು ಕೆಳಗಿಟ್ಟು ತೋಳು ಚಾಚಿದಳು.

"ಇನ್ನ ನನ್ನ ರಕ್ತ ನಿನ್ನೊಳಗ ಹರೀತೈತಿ" ಎಂದಳು ಆಮೇಲೆ ಗಂಗೂಳ ಮಂಚದ ಬಳಿ ಕುಳಿತು. "ನನ್ನಂಥಾ ಬಾಯಿ ಬರಲಿಲ್ಲಂದ್ರ ಕೇಳು."

ಗಂಗೂಗೆ ನಗಲು ಆಗಲಿಲ್ಲ. ಕುತ್ತಿಗೆಯ ಹೊಲಿಗೆ ಎಳೆಯಿತು.

ಮನೆಗೆ ಕಳಿಸುವಾಗ ಡಾಕ್ಟರು ನೂರು ಗುಳಿಗೆಗಳ ಕಂದು ಸೀಸೆಯೊಂದನ್ನು ಅವಳ ಕೈಯಲ್ಲೇ ಇಟ್ಟರು. "ದಿನಾ ಒಂದು, ಬೆಳಿಗ್ಗೆ ಬರಿ ಹೊಟ್ಟೀಲೆ. ಮುಗಿದ ಮ್ಯಾಲೆ ಮತ್ತ. ಇದು ಜೀವ ಇರೂತನಕ" ಎಂದರು. ಗಂಗೂ ತಲೆಯಾಡಿಸಿದಳು. ಮಾರ್ಚ್, ಏಪ್ರಿಲ್, ಮೇ ಹಾಗೇ ನಡೆಯಿತು. ಅವಳ ಉಸಿರು ಸಲೀಸಾಯಿತು, ಕೊಯ್ದ ಗುರುತು ಕರಿಮಣಿಯ ಎಳೆಯಂತೆ ತೆಳ್ಳಗೆ ಕುಳಿತಿತು. ಎರಡಾಳಿನಷ್ಟು ಕೆಲಸ ಮಾಡಿದಳು.

ಮಳೆ ಬಂದರೆ ದಾರಿ ಮುಚ್ಚುತ್ತದೆ. ಅದಕ್ಕೇ ಮೇ ಕೊನೆಗೆ ಸೋಮಾ ಒಬ್ಬನೇ ಹೋಗಿ ಎರಡು ಸೀಸೆ ತಂದ. ಸಪ್ಟೆಂಬರದಲ್ಲಿ ಬಂದು ತೋರಿಸಬೇಕಂತೆ ಎಂದ. ತುಳಸಾ ಎರಡನ್ನೂ ಅವನ ಕೈಯಿಂದ ತೆಗೆದುಕೊಂಡು ಉಪ್ಪಿನ ಮಡಕೆಯ ಪಕ್ಕದ ಹಲಗೆಯ ಮೇಲಿಟ್ಟಳು.

"ಪಥ್ಯ ಮುಗೀತು" ಎಂದಳು. "ಸೊಸಿ ಗುಣಾದ್ಲು. ಇನ್ನ ಇದು ಮನೀದು."

ಗಂಗೂ ಒಲೆಯ ಮುಂದಿನಿಂದ ಎದ್ದಳು. "ಅತ್ತಿ, ಡಾಕ್ಟರು ದಿನಾ ತಗೋ ಅಂದಾರ."

"ಯಾತಕ್ಕಂತ? ನಿನ್ನ ಗಡ್ಡಿ ಎಲ್ಲೈತಿ, ತೋರಸು ನೋಡೂಣು."

ಗಂಗೂಳ ಕೈ ತಾನಾಗಿಯೇ ಕುತ್ತಿಗೆಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ.

"ಇಲ್ಲದ ಗಡ್ಡಿಗೆ ಔಷಧ ನುಂಗಿದ್ರ ಅದು ಒಳಗ ಹೋಗಿ ಯಾರ ಮನಿ ಹುಡಕಬೇಕು?" ತುಳಸಾ ನಕ್ಕಳು. "ಗಡ್ಡಿ ಇದ್ದವರು ನಾವು ಇಬ್ರದೀವಿ. ನನಗೊಂದು, ಮಾರ್ಗರೀಟಾಗೊಂದು, ದಿನಾ. ನಿನ್ನ ಪಾಲು ತಪ್ಪಸೂದಿಲ್ಲ. ಸೋಮವಾರಕ್ಕೊಂದು ನಿಂದು."

"ಅವ್ವಾ, ಡಾಕ್ಟರು..." ಎಂದು ಸೋಮಾ ಶುರು ಮಾಡಿದ.

"ಡಾಕ್ಟರು ಬಂದು ನಿನ್ನ ಗದ್ದಿಗೆ ಒಡ್ಡು ಹಾಕ್ತಾನೇನ? ಮೋಡ ಕಟ್ಟೇತಿ, ನಡೀ."

ಸೋಮಾ ಹೆಂಡತಿಯ ಮುಖ ನೋಡಿದ. ಅವನಿಗೂ ಅವ್ವನ ಮಾತಿನಲ್ಲಿ ಹುರುಳಿದೆ ಅನ್ನಿಸಿತ್ತು. ಗಡ್ಡೆಯ ಗುಳಿಗೆ, ಗಡ್ಡೆ ಇದ್ದವರಿಗೆ. ಅವನು ಸಲಿಕೆ ಎತ್ತಿಕೊಂಡು ಹೊರಟ.

ಹೊಸ್ತಿಲಲ್ಲಿ ಮಾರ್ಗರೀಟಾ ನಿಂತಿದ್ದಳು, ಸೆರಗಿನ ತುದಿಯನ್ನು ತನ್ನ ನಿಂಬೆಯ ಮೇಲೆ ಎಳೆದುಕೊಂಡು. ಕೇಳಲು ಬಂದವಳಲ್ಲ, ಕರೆಸಿಕೊಂಡವಳು. ಆದರೂ ಗಂಗೂಳ ಮಾತಿಗಾಗಿ ಕಾಯುತ್ತಿದ್ದಳು. ಅವಳ ತೋಳಿನ ಒಳಭಾಗದಲ್ಲಿ ಸೂಜಿ ಚುಚ್ಚಿದ ಕಪ್ಪು ಎಂದೋ ಹೋಗಿತ್ತು. ಗಂಗೂಗೆ ಮಾತ್ರ ಅದು ಕಂಡಿತು.

"ತಗೋ" ಎಂದಳು ಗಂಗೂ.

ಜೂನಿನಲ್ಲಿ ಏನೂ ಆಗಲಿಲ್ಲ. ಅದೇ ಮೋಸ. ಮಳೆ ಹಿಡಿಯಿತು, ಸಸಿ ಮಡಿ ಹಸಿರಾಯಿತು, ಗಂಗೂ ಸೋಮವಾರದ ಗುಳಿಗೆ ನುಂಗಿ ಎಂದಿನಂತೆ ಓಡಾಡಿದಳು. ಅತ್ತೆಯ ಮಾತೇ ಖರೆ ಇರಬೇಕು ಎಂದುಕೊಂಡಳು.

ನಟ್ಟಿಯ ಹೊತ್ತಿಗೆ ಚಳಿ ಬಂತು. ಮಳೆಯ ಚಳಿಯಲ್ಲ, ಒಲೆಯ ಮುಂದೆ ಕುಳಿತರೂ ಒಳಗಿನಿಂದ ಬರುವ ಚಳಿ, ಎಲುಬಿನಲ್ಲೇ ನೀರು ನಿಂತಂಥದ್ದು. ಬಾಚಣಿಗೆಯಲ್ಲಿ ಕೂದಲು ಉಂಡೆಯಾಗಿ ಬಂತು. ಬೆಳಿಗ್ಗೆ ಎದ್ದಾಗ ಕಣ್ಣಿನ ಸುತ್ತ ಬಾವು. ಕೈಯಲ್ಲಿ ಸಸಿಯ ಕಂತೆ ಹಿಡಿದು ಬಗ್ಗಿದವಳು, ಯಾಕೆ ಬಗ್ಗಿದೆ ಎಂಬುದನ್ನೇ ಮರೆತು ಕೆಸರಿನಲ್ಲಿ ನಿಂತುಬಿಡುತ್ತಿದ್ದಳು. ಸಾಲಿನ ಹೆಂಗಸರು ಮುಂದೆ ಹೋಗಿ ತಿರುಗಿ ನೋಡುವರು. ಅವಳ ದನಿ ದಪ್ಪಗಾಯಿತು. ಮಕ್ಕಳನ್ನು ಕರೆದರೆ ಯಾರೋ ಗಂಡಸು ಕರೆದಂತೆ ಅವು ತಿರುಗುತ್ತಿದ್ದವು.

ತುಳಸಾಳದು ತದ್ವಿರುದ್ಧ. ಅರವತ್ತು ದಾಟಿದವಳು ಕೋಳಿಗಿಂತ ಮೊದಲು ಎದ್ದು, ಅಂಗಳ ಬಳಿದು, ಕಟ್ಟಿಗೆ ತಂದು, ಗದ್ದೆಗೆ ಎಲ್ಲರಿಗಿಂತ ಮುಂಚೆ ಇಳಿಯುತ್ತಿದ್ದಳು. ಊಟ ಎರಡರಷ್ಟು, ಮೈ ಮಾತ್ರ ದಿನದಿನಕ್ಕೆ ಸಣ್ಣಗಾಗಿ ಕುಪ್ಪಸ ಜೋಲತೊಡಗಿತು. ಸುರಿವ ಮಳೆಯಲ್ಲೂ ಸೆಕೆ ಎನ್ನುತ್ತಿದ್ದಳು. ಎಲೆ ಹಾಸಿ ಮೀನು ಪಾಲು ಹಾಕುವಾಗ ಅವಳ ಬೆರಳು ನಡುಗುವುದನ್ನು ಗಂಗೂ ನೋಡಿದಳು. ನೋಡಿ, ಏನೋ ಹೇಳಬೇಕೆಂದುಕೊಂಡಳು. ಮಾತು ನಾಲಿಗೆಗೆ ಬರುವಷ್ಟರಲ್ಲಿ ಮೀನು ಹಂಚಿ ಮುಗಿದಿತ್ತು.

"ಏನ ಮಾಟ ಮಾಡೀ ತುಳಸಾಬಾಯಿ?" ಎಂದು ಮಾರ್ಗರೀಟಾ ಬದುವಿನಿಂದ ಕೂಗಿದಳು. "ಅತ್ತಿ ಸೊಸಿ ಅದಲಬದಲ ಆಗೀರಿ. ಸೋಮಾ ಸಂಜೀಕ ಯಾರಿಗೆ ಅವ್ವಾ ಅನ್ನಬೇಕು?"

ಗದ್ದೆಯೆಲ್ಲ ನಕ್ಕಿತು. ತುಳಸಾ ಹೆಚ್ಚು ನಕ್ಕಳು. ಗಂಗೂ ಎಲ್ಲರ ನಗು ನಿಂತ ಮೇಲೆ ನಕ್ಕಳು.

ಮಾರ್ಗರೀಟಾಳ ಗಡ್ಡೆ ಇಳಿದಿತ್ತು. ನಿಂಬೆಯಷ್ಟಿದ್ದದ್ದು ಅಡಿಕೆಯಷ್ಟಾಗಿತ್ತು. ದಿನಾ ಬೆಳಿಗ್ಗೆ ಗುಳಿಗೆಗೆ ಬಂದಾಗ ಗಂಗೂಳ ಕೈ ಹಿಡಿದು ತನ್ನ ಕುತ್ತಿಗೆಗೆ ಒತ್ತಿಸಿಕೊಳ್ಳುವಳು. "ನೋಡಿಲ್ಲೆ, ಕರಗಾಕತ್ತೈತಿ. ನಾ ಕೊಯ್ಯಿಸಿಕೊಳ್ಳೂದು ತಪ್ಪಿತು. ನಿನ್ನ ಹೊಟ್ಟಿ ತಣ್ಣಗಿರ್ಲಿ." ಅವಳ ಕುತ್ತಿಗೆ ಬಿಸಿಯಾಗಿತ್ತು. ಗಂಗೂಳ ಬೆರಳು ತಣ್ಣಗಿದ್ದವು. ಈ ಹೆಂಗಸಿಗೆ ಏನೆಂದು ಹೇಳುವುದು? ನನ್ನ ಗುಳಿಗೆ ಬಿಡು ಅನ್ನುವುದೇ? ಅಂದರೆ ನಿನ್ನ ಗಂಟಲು ಮತ್ತೆ ಉಬ್ಬಲಿ ಅಂದಂತಲ್ಲವೇ?

ಆಗಸ್ಟಿನ ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಗಂಗೂ ಹಲಗೆಯ ಹತ್ತಿರ ಹೋದಳು. ನಾಲ್ಕು ಹೆಜ್ಜೆಯ ದಾರಿಗೆ ಬಹಳ ಹೊತ್ತು ಹಿಡಿಯಿತು. ಒಂದು ಸೀಸೆ ಖಾಲಿಯಾಗಿತ್ತು. ಎರಡನೆಯದನ್ನು ತೆಗೆದು ಮುಚ್ಚಳ ತಿರುವಿದಳು. ಬೆರಳು ದಪ್ಪಗಾಗಿ ಜಾರುತ್ತಿದ್ದವು. ಒಂದು ಗುಳಿಗೆ ಅಂಗೈಗೆ ಬಂತು, ಅಕ್ಕಿಯ ನುಚ್ಚಿಗಿಂತ ತುಸು ದೊಡ್ಡದು. ಇದಿಲ್ಲದೆ ತಾನು ಹೋಗುತ್ತೇನೆ ಎಂಬುದು ಆಗ ಅವಳಿಗೆ ಸ್ಪಷ್ಟವಾಗಿ ತಿಳಿದಿತ್ತು. ಡಾಕ್ಟರರ ಮಾತು ಕಿವಿಯಲ್ಲಿತ್ತು. ಜೀವ ಇರೂತನಕ.

ಅಂಗಳದಲ್ಲಿ ಸದ್ದಾಯಿತು. ಮಾರ್ಗರೀಟಾಳ ಕೆಮ್ಮು. ಗಂಗೂ ಗುಳಿಗೆಯನ್ನು ಸೀಸೆಗೆ ಹಾಕಿ ಮುಚ್ಚಳ ಬಿಗಿದಳು. ಹುಟ್ಟಿದಂದಿನಿಂದ ಅವಳು ಬೇರೆಯವರ ಪಾಲಿನ ಮೇಲೆ ಕೈ ಹಾಕಿದವಳಲ್ಲ. ಗೋಡೆಗೆ ಒರಗಿ ಕುಳಿತಳು. ಮಾರ್ಗರೀಟಾ ಬೆಂಕಿ ಕೇಳಿ, ಒಲೆಯಿಂದ ಕೆಂಡ ಎತ್ತಿಕೊಂಡು ಹೋದದ್ದು ದೂರದಲ್ಲಿ ಯಾರದೋ ಮನೆಯಲ್ಲಿ ನಡೆದಂತಿತ್ತು.

ಆಗಸ್ಟ್ ಇಪ್ಪತ್ನಾಲ್ಕರ ಸಂಜೆ ತುಳಸಾ ಬದುವಿನ ಮೇಲೆ ಬಿರುಸಾಗಿ ಬರುತ್ತ ಕಾಲು ಜಾರಿ ಬಿದ್ದಳು. ದೊಡ್ಡ ಬೀಳಲ್ಲ. ಆ ಬದುವಿನಲ್ಲಿ ಅವಳು ನೂರು ಸಲ ಜಾರಿರಬೇಕು. ಈ ಸಲ ಊರಿದ ಬಲಗೈ ಮಣಿಕಟ್ಟಿನಲ್ಲಿ ಒಣ ಕಡ್ಡಿಯಂತೆ ಮುರಿಯಿತು. ಮರುದಿನ ಬೆಳಕು ಹರಿಯುವ ಮೊದಲೇ ಸೋಮಾ ಕುಂಬಾರವಾಡಕ್ಕೆ ಓಡಿ ನರ್ಸಬಾಯಿ ಕೆಂಚವ್ವಳನ್ನು ಕರೆತಂದ. ಕೆಂಚವ್ವ ಧಾರವಾಡದ ಕಡೆಯವಳು. ಹೋದ ವರ್ಷ ವರ್ಗವಾಗಿ ಬಂದು, ಜಿಗಣೆಗಳಿಗೂ ಮೇಲಧಿಕಾರಿಗಳಿಗೂ ಒಂದೇ ಬೈಗುಳ ಬೈಯುತ್ತ ದಿನ ದೂಡುತ್ತಿದ್ದವಳು.

ಬಿದಿರಿನ ಸೀಳು ಇಟ್ಟು ಕೈ ಕಟ್ಟುತ್ತ ಅವಳು ತುಳಸಾಳ ನಾಡಿ ಹಿಡಿದಳು. ಎದೆಗೆ ಸಿಕ್ಕಿಸಿಕೊಂಡಿದ್ದ ಗಡಿಯಾರ ನೋಡಿದಳು. ಮತ್ತೊಮ್ಮೆ ಹಿಡಿದಳು.

"ಯವ್ವಾ, ನೂರಾ ಮೂವತ್ತು! ಕುಂತಲ್ಲೇ ಓಡಾಕತ್ತೀಯಲ್ಲ. ನೋವಿಗೆ ಇಷ್ಟು ಬರೂದಿಲ್ಲ. ಕೈ ನೋಡು ಹೆಂಗ ನಡಗತಾವ. ಏನ ತಿಂತಿ ನೀ?"

"ಗಡ್ಡಿ ಗುಳಿಗಿರೀ" ಎಂದಳು ತುಳಸಾ, ಮುಚ್ಚಿಡುವ ಮಾತೇನೂ ಅಲ್ಲದ್ದರಿಂದ.

"ಯಾವ ಗಡ್ಡಿ ಗುಳಿಗಿ? ಯಾರ ಕೊಟ್ರು?"

ಸೋಮಾ ಸೀಸೆ ತಂದು ಕೊಟ್ಟ. ಕೆಂಚವ್ವ ಚೀಟಿ ಓದಿದಳು. ನಂತರ ತಲೆಯೆತ್ತಿ, ಮೂಲೆಯಲ್ಲಿ ಕಂಬಳಿ ಹೊದ್ದು ಕುಳಿತಿದ್ದ ಗಂಗೂಳನ್ನು ನೋಡಿದಳು. ಎದ್ದು ಬಂದು ಅವಳ ಗದ್ದ ಎತ್ತಿದಳು. ಕೊಯ್ದ ಗುರುತು ನೋಡಿದಳು. ಬಾತ ರೆಪ್ಪೆ, ಒಣಗಿ ಸೀಳಿದ ಚರ್ಮ. ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತ ನಿಂತವಳ ತುಟಿ ಎಣಿಸುತ್ತಿತ್ತು.

"ನಲವತ್ತಾರು" ಎಂದಳು ಮೆಲ್ಲಗೆ. "ಇದು ಇಕೀದೇನ ಗುಳಿಗಿ? ಯಾರ್ಯಾರು ನುಂಗೀರಿ?"

ಬಾಗಿಲಲ್ಲಿದ್ದ ಮಾರ್ಗರೀಟಾ ಸೆರಗು ಎಳೆದುಕೊಂಡಳು.

"ಇಕಿಗೆ ಎಷ್ಟು ಕೊಟ್ರಿ?"

"ಸೋಮವಾರಕ್ಕೊಂದು" ಎಂದ ಸೋಮಾ. ಹೇಳುವಾಗಲೇ ಅವನ ದನಿ ಸೋತಿತು.

"ಅಯ್ಯೋ ನಿಮ್ಮ..." ಕೆಂಚವ್ವ ಬೈಗುಳವನ್ನು ಅಲ್ಲೇ ನುಂಗಿದಳು. "ಕೇಳ್ರಿ ಇಲ್ಲೆ. ನಮ್ಮೆಲ್ಲಾರ ಕುತ್ತಿಗ್ಯಾಗ ಒಂದು ಗ್ರಂಥಿ ಇರತೈತಿ. ಅದು ದಿನಾ ರಸ ಬಿಡತೈತಿ. ಆ ರಸದ ಮ್ಯಾಲೆ ಮೈಗೆ ಕಾವು, ಎದಿಗೆ ಬಡಿತ, ತಲಿಗೆ ಎಚ್ಚರ. ಇಕೀ ಗ್ರಂಥಿ ಹುಬ್ಬಳ್ಳ್ಯಾಗ ಹೋತು. ಆ ರಸಾನ ಈ ಗುಳಿಗ್ಯಾಗ ಐತಿ. ಇದು ಗಡ್ಡಿ ಔಷಧ ಅಲ್ಲೋ ಯಪ್ಪಾ, ಇಕೀ ಉಸಿರು. ನಿಮಗ ಒಳಗ ಇದ್ದ ಮ್ಯಾಲೆ ಮತ್ತ ಹೊರಗಿಂದು ಸುರುವಿಕೊಂಡೀರಿ. ಹಿಂಗ ಸುರುವಿಕೊಂಡ್ರ ಎದಿ ಓಡತೈತಿ, ಎಲುಬು ಒಳಗಿಂದೊಳಗ ಸವೀತಾವ. ಆಯೀ ಕೈ ಸುಮ್ನ ಮುರೀತೇನ?"

ಸೀಸೆಯಲ್ಲಿ ಹದಿನೆಂಟು ಉಳಿದಿದ್ದವು. ಕೆಂಚವ್ವ ಒಂದನ್ನು ತೆಗೆದು, ಬಿಸಿನೀರಿನೊಂದಿಗೆ ಗಂಗೂಗೆ ತಾನೇ ಕುಡಿಸಿದಳು. ಎರಡನೆಯದು ಕೊಡಲು ಧೈರ್ಯವಾಗಲಿಲ್ಲ. ಇಷ್ಟು ಕೆಳಗಿಳಿದ ಎದೆಗೆ ಒಮ್ಮೆಲೇ ಹೆಚ್ಚು ಕೊಟ್ಟರೆ ತಡೆಯದು. "ಇವತ್ತ ದಾಂಡೇಲಿ ಮುಟ್ಟಬೇಕು" ಎಂದಳು. "ಬಸ್ಸು ಹನ್ನೊಂದಕ್ಕ, ಬಂದ್ರ."

ಇದ್ದದ್ದು ಒಂದು ಗಳ, ಒಂದು ಗಟ್ಟಿ ಕಂಬಳಿ, ನಾಲ್ವರು ಗಂಡಸರು. ಮಾರ್ಗರೀಟಾಳ ಗಂಡ ಬಸ್ತ್ಯಾಂವ ಕಂಬಳಿಯನ್ನು ಗಳಕ್ಕೆ ಜೋಳಿಗೆಯಂತೆ ಕಟ್ಟಿ ತುಳಸಾಳ ಮುಂದೆ ಹಿಡಿದ. ಅವಳು ನರಳುತ್ತಿದ್ದಳು, ಮುರಿದ ಕೈ ಎಲ್ಲರಿಗೂ ಕಾಣುತ್ತಿತ್ತು.

"ಅಕಿ ನಡೀತಾಳ" ಎಂದಳು ಕೆಂಚವ್ವ. "ಇಕೀನ ಹಾಕ್ರಿ."

"ಇಕೀನ?" ಬಸ್ತ್ಯಾಂವ ಗಂಗೂಳತ್ತ ನೋಡಿದ. "ಇಕಿಗೇನಾಗೇತ್ರಿ? ಸುಮ್ನ ಕುಂತಾಳ."

"ಅದಕ್ಕ! ಸುಮ್ನ ಕುಂತಾಳಂತನ. ಅಕಿ ಚೀರತಾಳ, ಚೀರವ್ರು ಬದುಕತಾರ."

ಜೋಳಿಗೆಯೊಳಗಿನಿಂದ ಗಂಗೂಗೆ ಆಕಾಶ ಕಾಣಲಿಲ್ಲ. ಕಂಬಳಿಯ ಕಪ್ಪು, ಅದರ ಸೀಳಿನಲ್ಲಿ ಆಗಾಗ ಒಂದು ಹಸಿರು ಗೆರೆ. ಹಳ್ಳದ ಸದ್ದು ಹತ್ತಿರ ಬಂತು. ನೀರು ಸೊಂಟದವರೆಗಿತ್ತು. ನಾಲ್ವರೂ ಗಳವನ್ನು ತಲೆಯ ಮೇಲಕ್ಕೆ ಎತ್ತಿದರು. ಹಿಂದಿನವನ ಕಾಲು ಒಮ್ಮೆ ಜಾರಿತು, ಜೋಳಿಗೆಯ ತಳ ನೀರಿಗೆ ತಾಗಿ ಬೆನ್ನು ನೆನೆಯಿತು. ಹೆದರಬೇಕು ಎಂದು ಗಂಗೂಗೆ ಗೊತ್ತಿತ್ತು. ಹೆದರಿಕೆ ಬರಲಿಲ್ಲ. ತನಗೆ ಸಾಯುವ ಹೆದರಿಕೆಯೂ ಬರುತ್ತಿಲ್ಲ ಎಂಬುದೇ ಅವಳನ್ನು ಮೊದಲ ಸಲ ಬೆಚ್ಚಿಸಿತು. ಕಣ್ಣು ಮುಚ್ಚದಂತೆ ಇಡೀ ದಾರಿ ಮಕ್ಕಳ ಹೆಸರನ್ನು ಹೇಳಿಕೊಳ್ಳುತ್ತ ಬಂದಳು. ನಡುವೆ ಸಣ್ಣವನ ಹೆಸರು ಸಿಗಲಿಲ್ಲ. ಹುಡುಕಿದಳು, ಹುಡುಕಿದಳು. ಹಳ್ಳ ದಾಟಿ ಏರು ಹತ್ತುವಾಗ ಅದು ಸಿಕ್ಕಿತು.

ಹಿಂದಿನಿಂದ ತುಳಸಾ ನಡೆದು ಬರುತ್ತಿದ್ದಳು, ಕೆಂಚವ್ವಳ ಭುಜ ಹಿಡಿದು. ನರಳುವುದನ್ನು ನಿಲ್ಲಿಸಿದ್ದಳು.

ಬಸ್ಸು ಹನ್ನೊಂದಕ್ಕೆ ಬರಲಿಲ್ಲ. ಒಂದೂವರೆಗೆ ಬಂತು. ಕಂಡಕ್ಟರ ಕಂಬಳಿಯ ಜೋಳಿಗೆ ನೋಡಿ, "ಹೆಣ ಒಯ್ಯೂದಿಲ್ಲ" ಎಂದ. ಕೆಂಚವ್ವ ಅವನಿಗೆ ಏನಂದಳು ಎಂಬುದನ್ನು ವಾಡೆಯವರು ಬಹಳ ದಿನ ನಗುತ್ತ ಹೇಳುತ್ತಿದ್ದರು, ಬರೆಯುವಂಥದ್ದಲ್ಲ. ಹಿಂದಿನ ಉದ್ದ ಸೀಟನ್ನು ಅವನೇ ಖಾಲಿ ಮಾಡಿಸಿಕೊಟ್ಟ.

ದಾಂಡೇಲಿಯ ದವಾಖಾನೆಯಲ್ಲಿ ಗಂಗೂ ಹತ್ತೊಂಬತ್ತು ದಿನ ಇದ್ದಳು. ಕಂಬಳಿಯ ಮೇಲೆ ಕಂಬಳಿ, ಕಾಲು ಗುಳಿಗೆಯಿಂದ ಅರ್ಧ, ಅರ್ಧದಿಂದ ಒಂದು. ಮೊದಲ ನಾಲ್ಕು ದಿನ ಡಾಕ್ಟರು ಏನೂ ಹೇಳಲಿಲ್ಲ, ಸೋಮಾ ಕೇಳಲೂ ಇಲ್ಲ. ವರಾಂಡದಲ್ಲಿ ಕುಳಿತು ಮಿಲ್ಲಿನ ಸೈರನ್ ಎಣಿಸಿದ. ಐದನೆಯ ಬೆಳಿಗ್ಗೆ ಗಂಗೂ, "ಗದ್ದ್ಯಾಗ ಕಳೆ ಬಂದಿರಬೇಕು" ಎಂದಳು. ಸೋಮಾ ಹೊರಗೆ ಹೋಗಿ ಮುಖ ತೊಳೆದುಕೊಂಡು ಬಂದ.

ತುಳಸಾಳ ಕೈಯ ಫೋಟೋ ಹಿಡಿದು ಡಾಕ್ಟರು ಬೆಳಕಿಗೆ ತೋರಿಸಿದರು. ಎಲುಬು ತೆಳ್ಳಗಾಗಿದೆ, ವಯಸ್ಸಿನದೆಷ್ಟು ಗುಳಿಗೆಯದೆಷ್ಟು ಹೇಳಲು ಬರುವುದಿಲ್ಲ, ರಾಗಿ ಅಂಬಲಿ, ಮುಳ್ಳು ಸಹಿತ ಸಣ್ಣ ಒಣಮೀನು ಬಿಡಬೇಡ ಎಂದರು. ಕೈಗೆ ಸಿಮೆಂಟಿನಂಥ ಪಟ್ಟಿ ಹಾಕಿ ಅವಳನ್ನು ಮೊದಲೇ ಕಳಿಸಿದರು.

ಗಂಗೂ ಮನೆಗೆ ಬಂದ ದಿನ ತುಳಸಾ ಒಲೆಯ ಮುಂದೆ ಎಡಗೈಯಿಂದ ಅಂಬಲಿ ತಿರುವುತ್ತಿದ್ದಳು. ಅವಳ ಎದೆಯ ಓಟ ತಗ್ಗಿತ್ತು. ಬೆನ್ನು ಮತ್ತೆ ಬಾಗಿತ್ತು.

"ಎರಡು ತಿಂಗಳು ನಂಗ ಇಪ್ಪತ್ತು ವರ್ಷ ಆಗಿತ್ತು ನೋಡು" ಎಂದಳು ಬೆಂಕಿಯನ್ನೇ ನೋಡುತ್ತ. "ಎಲ್ಲಾರೂ ನನ್ನ ಹಿಂದ ಉಳೀತಿದ್ರು. ಅದು ನಿಂದು ಅಂತ ನನಗ ತಿಳೀಲಿಲ್ಲ."

ಗಂಗೂ ಹೊಸ ಸೀಸೆಯನ್ನು ಮಡಿಲಿನಿಂದ ತೆಗೆದಳು. ಹಲಗೆಯ ಮೇಲಿಡಲಿಲ್ಲ. "ಅತ್ತಿ, ಇದು ನನ್ನ ಹತ್ರ ಇರ್ಲಿ" ಎಂದಳು. ಹನ್ನೆರಡು ವರ್ಷದಲ್ಲಿ ಅವಳು ಆ ಮನೆಯಲ್ಲಿ ನನ್ನ ಹತ್ತಿರ ಎಂದದ್ದು ಅದೇ ಮೊದಲು. ತುಳಸಾ ಅಂಬಲಿ ತಿರುವುವುದನ್ನು ನಿಲ್ಲಿಸಿದಳು.

"ಈ ಮನ್ಯಾಗ ಹಿಂಗ ಯಾರೂ ಇಟಗೊಂಡಿಲ್ಲ."

"ಹೂಂ."

"ಜನಾ ಆಡಿಕೋತಾರ."

"ಆಡಿಕೊಳ್ಳಿ."

ಮುದುಕಿ ಒಲೆಯ ಕೊಳ್ಳಿಯನ್ನು ಹಿಂದಕ್ಕೆಳೆದಳು. ಆಮೇಲೆ, "ನನ್ನ ಪೆಟಿಗಿ ಐತಿ, ಚಾವಿ ಹಾಕೂದು. ಒಳಗಿನ ಸೀರಿ ಹೊರಗ ತಗದು ಹಾಕು" ಎಂದಳು.

ಮಾರ್ಗರೀಟಾ ಮರುದಿನ ಬಂದಳು. ಅಡಿಕೆಯಷ್ಟಾಗಿದ್ದ ಗಡ್ಡೆ ಈ ಇಪ್ಪತ್ತು ದಿನದಲ್ಲಿ ತುಸು ಉಬ್ಬಿದೆ ಎಂದು ಅವಳಿಗೆ ಅನಿಸಿತ್ತು. ಗಂಗೂ ಬದುಕಿ ಬಂದದ್ದಕ್ಕೆ ಅತ್ತಳು, ಬಾವು ಇಳಿದ ಮುಖವನ್ನು ಎರಡೂ ಕೈಯಿಂದ ಸವರಿದಳು, ತಂದಿದ್ದ ಎರಡು ತತ್ತಿ ಮಡಿಲಿಗೆ ಹಾಕಿದಳು. ಕೊನೆಗೆ ಮೆಲ್ಲಗೆ, "ಎರಡು ದಿನಕ್ಕೊಂದು ಕೊಟ್ರೂ ಸಾಕು. ನಿನ್ನ ಪಾಲು ಮುಟ್ಟೂದಿಲ್ಲ, ಉಳದದ್ದರಾಗ" ಎಂದಳು.

"ಉಳಿಯೂದಿಲ್ಲ ಮಾರ್ಗರೀಟಾ."

"ನೂರ ಅದಾವಲ್ಲ?"

"ನೂರೂ ನನಗ ಬೇಕು."

ಮಾರ್ಗರೀಟಾಳ ಮುಖದಲ್ಲಿದ್ದ ಬೆಳಕು ಇಳಿಯಿತು. "ನಾ ರಕ್ತ ಕೊಡೂ ಮುಂದ ಇಷ್ಟು ಬೇಕು, ಇಷ್ಟು ಉಳೀಬೇಕು ಅಂತ ನೋಡಿದ್ನೇನ?"

ಈ ಮಾತು ಬರುತ್ತದೆಂದು ಗಂಗೂಗೆ ಜೋಳಿಗೆಯಲ್ಲಿ ಮಲಗಿದ್ದಾಗಲೇ ಗೊತ್ತಿತ್ತು. ದವಾಖಾನೆಯ ಹತ್ತೊಂಬತ್ತು ದಿನವೂ ಇದಕ್ಕೆ ಉತ್ತರ ಹುಡುಕಿದ್ದಳು. ಈಗ ಅವಳ ತಲೆ ಸ್ವಚ್ಛವಾಗಿತ್ತು, ನಾಲಿಗೆ ಹಗುರಾಗಿತ್ತು. ಅದಕ್ಕೇ ಹೇಳುವುದು ಹೆಚ್ಚು ಕಷ್ಟವಾಯಿತು.

"ನೋಡಲಿಲ್ಲ. ಸಾಯೂಮಟಾ ಮರಿಯೂದಿಲ್ಲ. ಆದ್ರ ನೀ ಕೊಟ್ಟಿದ್ದು ನಿನ್ನ ಮೈಯಾಗ ಹೊಳ್ಳಿ ಹುಟ್ಟಿತು. ನನ್ನ ಕುತ್ತಿಗ್ಯಾಗಿಂದು ಹೊಳ್ಳಿ ಹುಟ್ಟೂದಿಲ್ಲ. ನಿನಗ ಇಷ್ಟು ಕೊಟ್ರ ನಾ ಅಷ್ಟು ದಿನ ಇರೂದಿಲ್ಲ."

"ದೊಡ್ಡ ಮಾತು ಕಲಿತ್ಯವ್ವಾ ದಾಂಡೇಲ್ಯಾಗ."

"ದಾಂಡೇಲ್ಯಾಗ ಅಲ್ಲ. ಹಳ್ಳದಾಗ."

ಮಾರ್ಗರೀಟಾ ಎದ್ದು ಹೋದಳು. ತತ್ತಿ ಹಿಂದಕ್ಕೆ ಕೇಳಲಿಲ್ಲ. ಕೇಳಿದ್ದರೆ ಗಂಗೂಗೆ ಹಗುರಾಗುತ್ತಿತ್ತೇನೋ. ಹನ್ನೊಂದು ದಿನ ಆ ಮನೆಯಿಂದ ಬೆಂಕಿಗೂ ಯಾರೂ ಬರಲಿಲ್ಲ. ಜೇನಿನ ಪಾಲು ಒಯ್ಯಲು ಬಸ್ತ್ಯಾಂವ ಬಂದ, ನೆಲ ನೋಡಿಕೊಂಡೇ ಹೋದ. ನೀರಿನ ಹತ್ತಿರ ಹೆಂಗಸರು ಮಾತು ನಿಲ್ಲಿಸಿ ಗಂಗೂಗೆ ದಾರಿ ಬಿಡುತ್ತಿದ್ದರು. ದಿನಾ ಬೆಳಿಗ್ಗೆ ಅವಳು ಪೆಟ್ಟಿಗೆಯ ಚಾವಿ ತೆಗೆದು, ಒಂದು ಗುಳಿಗೆ ನೀರಿನೊಂದಿಗೆ ನುಂಗಿ, ಮತ್ತೆ ಚಾವಿ ಹಾಕುವಳು.

ಹನ್ನೆರಡನೆಯ ಬೆಳಿಗ್ಗೆ ಅಂಗಳದಲ್ಲಿ ಕೆಮ್ಮು ಕೇಳಿಸಿತು. ಮಾರ್ಗರೀಟಾ ಚರ್ಚಿಗೆ ಉಡುವ ಸೀರೆ ಉಟ್ಟು, ಕೈಯಲ್ಲಿ ರೊಟ್ಟಿಯ ಗಂಟು ಹಿಡಿದು ನಿಂತಿದ್ದಳು. ಮುಖ ಬೇರೆ ಕಡೆ.

"ಬಸ್ಸಿಗೆ ಹೊತ್ತಾಗತೈತಿ. ನಿನಗ ಆ ಡಾಕ್ಟರ ಗುರುತಿನವರಲ್ಲ? ನಡೀ."

ನಾಲ್ಕು ಮೈಲು ಮಾರ್ಗರೀಟಾ ಎರಡು ಹೆಜ್ಜೆ ಮುಂದೆಯೇ ನಡೆದಳು. ಬಸ್ಸಿನಲ್ಲಿ ಮಾರ್ಗರೀಟಾ ಒಮ್ಮೆ, "ಕೊಯ್ತೇನಂದ್ರ ನಾ ಓಡಿ ಬರ್ತೇನಿ, ಹೇಳಿರ್ತೇನಿ" ಎಂದಳು. ಗಂಗೂ, "ಓಡು, ನಾ ಹಿಡಿಯೂದಿಲ್ಲ" ಎಂದಳು.

ದಾಂಡೇಲಿಯ ಡಾಕ್ಟರು ಕುತ್ತಿಗೆ ಒತ್ತಿ ನೋಡಿದರು, ನುಂಗು ಎಂದರು, ನಾಡಿ ಹಿಡಿದರು. ಕೊಯ್ಯುವ ಮಾತು ಆಡಲಿಲ್ಲ. ರಕ್ತ ಪರೀಕ್ಷೆಗೆ ಹುಬ್ಬಳ್ಳಿಗೆ ಕಳಿಸಿ, ಬೇಕಾದರೆ ನಿನ್ನದೇ ಅಳತೆಯ ಗುಳಿಗೆ ಬರೆದುಕೊಡುತ್ತೇನೆ ಎಂದರು. ನಂತರ ಪೆನ್ನು ತೆಗೆದು, "ಇದಕ್ಕ ಮೊದಲ ಯಾವ್ದರ ಔಷಧ ತಗೊಂಡೀಯೇನ?" ಎಂದು ಕೇಳಿದರು.

ಮಾರ್ಗರೀಟಾ ನೆಲ ನೋಡಿದಳು. ಗಂಗೂ ಅವಳ ಪರವಾಗಿ ಇಲ್ಲ ಎನ್ನಲು ಬಾಯಿ ತೆರೆದಳು.

"ಎಂಬತ್ತೈದು ಗುಳಿಗಿ ತಗೊಂಡೇನ್ರಿ" ಎಂದಳು ಮಾರ್ಗರೀಟಾ. "ಎಲ್ಲಾ ಇಕೀವು."

ಡಾಕ್ಟರ ಪೆನ್ನು ನಿಂತಿತು. ಅವರು ಒಬ್ಬರಾದ ಮೇಲೊಬ್ಬರನ್ನು ನೋಡಿದರು. ಗಂಗೂ ಬೆಂಚಿನ ಮೇಲೆ ಸರಿದು ಜಾಗ ಮಾಡಿದಳು.

"ಕುಂದ್ರು" ಎಂದಳು. "ಕುಂತು ಹೇಳು."